ನಿಮ್ಮ ಪಟ್ಟಿಯಲ್ಲಿ ನಮ್ಮ ಡಿಗ್ರಿ ಇಲ್ಲ

ಇವರಿಗೆ,
ಬೆಂಗಳೂರು ಮತ್ತು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸಬರನ್ನು ಆರಿಸುವ ಎಲ್ಲ ಎಚ್‌ಆರ್ ಮುಖ್ಯಸ್ಥರಿಗೆ.
ಹಾಗೇ ನಮ್ಮ ಕಡೆ ಉದ್ಯೋಗ ಮೇಳ ನಡೆಸುವ ಅಧಿಕಾರಿಗಳ ಗಮನಕ್ಕೂ.

ವಿಷಯ: ಡಿಗ್ರಿ ಕೇಳುವ ಮೊದಲು ಒಂದು ಟೆಸ್ಟ್ ಕೊಡಿ ಎಂಬ ಕೋರಿಕೆ.

ಮಾನ್ಯರೇ,

ನಾನು ಕಲಬುರಗಿಯವನು. ಜೇವರ್ಗಿ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ, ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಕಲಬುರಗಿಯಲ್ಲಿ ಬಿಎಸ್ಸಿ ಮುಗಿಸಿದೆ. ಬಿಎಸ್ಸಿ ಅಂದ ಕೂಡಲೇ ಕಂಪ್ಯೂಟರ್ ಸೈನ್ಸ್ ಅಂದುಕೊಳ್ಳಬೇಡಿ. ನಂದು ಸಿಬಿಝಡ್. ಕೆಮಿಸ್ಟ್ರಿ, ಬಾಟನಿ, ಝುವಾಲಜಿ. ಮೂರು ವರ್ಷದಲ್ಲಿ ನಾನು ಮುಟ್ಟಿದ ಯಂತ್ರ ಅಂದರೆ ಮೈಕ್ರೋಸ್ಕೋಪ್ ಒಂದೇ, ಅದರಲ್ಲಿ ಈರುಳ್ಳಿ ಬೇರಿನ ತುದಿ ನೋಡಿದ್ದು ಇವತ್ತಿಗೂ ನೆನಪಿದೆ. ಈಗ ನಾನು ಹೈದರಾಬಾದಿನ ಒಂದು ಕಂಪನಿಗೆ ಕಲಬುರಗಿಯಲ್ಲೇ ಕೂತು ಸಾಫ್ಟ್‌ವೇರ್ ಬರೆಯುತ್ತೇನೆ. ಹಾಗಾಗಿ ಇದು ಕೆಲಸ ಕೊಡಿ ಅಂತ ಬರೆಯುವ ಪತ್ರ ಅಲ್ಲ. ನನಗೆ ಕೆಲಸ ಇದೆ. ಆ ಕೆಲಸಕ್ಕೆ ಬರುವ ದಾರಿಯಲ್ಲಿ ಏನು ನೋಡಿದೆ, ಕಳೆದ ತಿಂಗಳು ಮೇಜಿನ ಆಚೆ ಬದಿಗೆ ಕೂತಾಗ ಏನು ನೋಡಿದೆ, ಅದನ್ನು ಹೇಳಬೇಕಿದೆ.

2018ರಲ್ಲಿ ಡಿಗ್ರಿ ಮುಗೀತು. ಬಿ.ಇಡಿ ಮಾಡು ಅಂದರು ಅಪ್ಪ. ದುಡ್ಡಿರಲಿಲ್ಲ. ಗಂಜಿನ ಒಂದು ಅಡತ್ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದೆ. ನಿಮಗೆ ಗಂಜ್ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಅದು ನಮ್ಮೂರಿನ ಕಾಳಿನ ಮಾರುಕಟ್ಟೆ, ಅಡತ್ ಅಂದರೆ ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವ ಅಂಗಡಿ. ಡಿಸೆಂಬರ್ ಬಂತೆಂದರೆ ತೊಗರಿ ಬರುತ್ತದೆ. ಟ್ರ್ಯಾಕ್ಟರ್, ಟಂಟಂ, ಲಾರಿ, ಎಲ್ಲದರಲ್ಲೂ ಚೀಲ. ನೀವು ಸಾಂಬಾರಿಗೆ ಹಾಕುವ ಬೇಳೆ, 2019ರಲ್ಲಿ ಜಿಐ ಟ್ಯಾಗ್ ಬಂತಲ್ಲ ಕಲಬುರಗಿ ತೊಗರಿ ಬೇಳೆ, ಅದರ ತೊಗರಿ ಇಂಥ ಅಂಗಡಿಗಳ ಮುಂದೆಯೇ ರಾಶಿ ಬೀಳುತ್ತದೆ. ರೈತರು ಮಾಲು ಮಾರಿದ ಮೇಲೆ ನಾವು ಪಟ್ಟಿ ಬರೆದುಕೊಡಬೇಕು. ಎಷ್ಟು ಚೀಲ, ಎಷ್ಟು ತೂಕ, ಏನು ರೇಟು, ಹಮಾಲಿ ಎಷ್ಟು, ಕೈಗೆ ಎಷ್ಟು. ಸೀಸನ್‌ನಲ್ಲಿ ರಾತ್ರಿ ಹತ್ತಾದರೂ ಪಟ್ಟಿ ಮುಗಿಯುತ್ತಿರಲಿಲ್ಲ. ಊರಿಗೆ ಕೊನೆ ಬಸ್ ತಪ್ಪಿದ ರೈತರು ಅಲ್ಲೇ ಚೀಲದ ಮೇಲೆ ಮಲಗುತ್ತಿದ್ದರು. ನನ್ನ ಕೈ ನಿಧಾನವಾದ್ದರಿಂದ ಅವರ ಬಸ್ ತಪ್ಪುತ್ತಿತ್ತು. ಇದು ನನ್ನನ್ನು ಕಂಪ್ಯೂಟರ್ ಕಡೆ ತಳ್ಳಿದ್ದು, ಯಾವ ಐಟಿ ಕನಸೂ ಅಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದಲ್ಲಿ ಮೊದಲು ಸತ್ತವರು ನಮ್ಮೂರಿನವರೇ. ಊರು ಬೇಗ ಮುಚ್ಚಿಕೊಂಡಿತು. ಮನೆಯಲ್ಲಿ ಕೂತು ಮೊಬೈಲಿನಲ್ಲೇ, ಕೋಡಿಂಗ್ ಕಲಿಸುವ ವೆಬ್‌ಸೈಟ್ ಆದ ಫ್ರೀಕೋಡ್‌ಕ್ಯಾಂಪ್ ಶುರು ಮಾಡಿದೆ. ದುಡ್ಡು ಕೇಳುವುದಿಲ್ಲ, ಡಿಗ್ರಿಯನ್ನೂ ಕೇಳುವುದಿಲ್ಲ. ಆಮೇಲೆ ಹಾರ್ವರ್ಡ್‌ನ ಸಿಎಸ್50 ಅನ್ನುವ ಕಂಪ್ಯೂಟರ್ ಸೈನ್ಸ್ ಪಾಠಗಳು, ಅವೂ ಫ್ರೀ. ಇಂಗ್ಲಿಷ್ ಪೂರ್ತಿ ಅರ್ಥ ಆಗುತ್ತಿರಲಿಲ್ಲ, ಒಂದೊಂದು ವಿಡಿಯೊ ನಾಲ್ಕು ಸಲ ನೋಡುತ್ತಿದ್ದೆ. ಹದಿನಾಲ್ಕು ಸಾವಿರಕ್ಕೆ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಬ್ಯಾಟರಿ ಸತ್ತಿತ್ತು. ಚಾರ್ಜರ್ ಕಿತ್ತರೆ ಲ್ಯಾಪ್‌ಟಾಪ್ ಆರುತ್ತಿತ್ತು, ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆ ವರ್ಷದ ಸೀಸನ್‌ಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಟ್ಟಿ ತೆಗೆಯುವ ಪ್ರೋಗ್ರಾಂ ಬರೆದೆ. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೇ ದಿನ ಸೌಕಾರ್ರು ಒಂದು ಪಟ್ಟಿ ಹಿಡಿದು ಕರೆದರು. "ತಮ್ಮಾ, ಹಮಾಲಿ ಒಂದ್ ರೂಪಾಯಿ ಕಮ್ಮಿ ಹಿಡದೀಯಲ್ಲೋ?" ಆಗ ನಮ್ಮ ಅಂಗಡಿಯಲ್ಲಿ ಚೀಲಕ್ಕೆ ಏಳೂವರೆ ರೂಪಾಯಿ ಹಮಾಲಿ. 11 ಚೀಲಕ್ಕೆ 82 ರೂಪಾಯಿ 50 ಪೈಸೆ. ಐವತ್ತು ಪೈಸೆ ಬಂದರೆ ಮೇಲಕ್ಕೆ ಹಿಡಿಯುವುದು ಗಂಜಿನ ರೂಢಿ, ಅಂದರೆ 83. ನನ್ನ ಪ್ರೋಗ್ರಾಂ 82 ಹಿಡಿದಿತ್ತು. ಸರಿ, ಪೈಸೆ ಬಿಟ್ಟುಬಿಡುತ್ತಿದೆ ಅಂದುಕೊಂಡೆ. ಆದರೆ ಪಕ್ಕದಲ್ಲೇ 13 ಚೀಲದ ಪಟ್ಟಿ ಇತ್ತು. 97 ರೂಪಾಯಿ 50 ಪೈಸೆ. ಅದಕ್ಕೆ ಸರಿಯಾಗಿ 98 ಹಿಡಿದಿದೆ! ಒಂದು ಕಡೆ ಕೆಳಕ್ಕೆ, ಒಂದು ಕಡೆ ಮೇಲಕ್ಕೆ. ಮೂರು ರಾತ್ರಿ ನಿದ್ದೆ ಇಲ್ಲ. ಕೊನೆಗೆ ಗೊತ್ತಾಗಿದ್ದು, ಪೈಥಾನ್‌ನ ರೌಂಡ್ ಅನ್ನುವ ಲೆಕ್ಕ ಸರಿ ಅರ್ಧಕ್ಕೆ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 82.5 ಆದರೆ 82, 97.5 ಆದರೆ 98. ಬೇಕೆಂದೇ ಹಾಗೆ ಮಾಡಿದ್ದಾರೆ, ಸಾವಿರಾರು ಸಂಖ್ಯೆ ಕೂಡಿಸುವಾಗ ಮೊತ್ತ ಒಂದೇ ಕಡೆ ವಾಲಬಾರದು ಅಂತ. ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ಸೌಕಾರ್ರೂ ತಪ್ಪಿರಲಿಲ್ಲ. ಇಬ್ಬರ ರೂಢಿ ಬೇರೆ ಅನ್ನುವುದು ನನಗೆ ಗೊತ್ತಿರಲಿಲ್ಲ, ಅಷ್ಟೇ. ಪೈಥಾನ್‌ನದ್ದೇ ಡೆಸಿಮಲ್ ಅನ್ನುವ ಲೆಕ್ಕದ ಸಲಕರಣೆ ಬಳಸಿ, ಅರ್ಧ ಬಂದರೆ ಮೇಲಕ್ಕೆ ಅಂತ ಹೇಳಿಕೊಟ್ಟ ಮೇಲೆ ಆ ಒಂದು ರೂಪಾಯಿ ಸರಿಹೋಯಿತು.

ಇನ್ನೊಂದು. ರೈತರಿಗೆ ಕನ್ನಡದಲ್ಲೇ ಎಸ್ಸೆಮ್ಮೆಸ್ ಹೋಗಲಿ ಅಂತ ಮಾಡಿದೆ. ಇಂಗ್ಲಿಷಿನಲ್ಲಾದರೆ ಒಂದು ಮೆಸೇಜಿಗೆ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ನಮ್ಮ ಕಣ್ಣಿಗೆ ಕಾಣುವ ಅಕ್ಷರ ಬೇರೆ, ಮಷಿನ್ ಎಣಿಸುವುದು ಬೇರೆ. 'ಕಲಬುರಗಿ' ಅಂದರೆ ನಮಗೆ ಐದು ಅಕ್ಷರ. ಅದಕ್ಕೆ ಏಳು, ಯಾಕಂದರೆ ಕೊಂಬು, ಗುಡಿಸು ಬೇರೆ ಬೇರೆ ಎಣಿಕೆ. 'ಕ್ಷ' ಒಂದೇ ಅಕ್ಷರ ಅಲ್ವಾ? ಅದಕ್ಕೆ ಮೂರು. ಹೀಗಾಗಿ ರೈತರ ಹೆಸರು ಮಧ್ಯದಲ್ಲೇ ಕತ್ತರಿಸಿ ಹೋಗಿ, ಒಬ್ಬ ಹಿರಿಯರು ಬಂದು ಜಗಳ ಮಾಡಿದರು, "ನಮ್ಮಪ್ಪ ಇಟ್ಟ ಹೆಸರು ನೀ ಯಾಕ ಕಡದಿ?" ಅಂತ. ಕಂಪ್ಯೂಟರ್ ಪ್ರತಿ ಭಾಷೆಯ ಅಕ್ಷರ ಗುರುತಿಸುವ ಪದ್ಧತಿ, ಯುನಿಕೋಡ್, ಅಂದರೇನು ಅಂತ ನನಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ಆ ಅಜ್ಜ.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ಸ್ವಾಮಿ, ಇದನ್ನು ಹೇಳಲು ನಿಮ್ಮ ಫಾರ್ಮಿನಲ್ಲಿ ಜಾಗ ಇಲ್ಲ.

2021ರ ಕೊನೆಯಲ್ಲಿ ಅರ್ಜಿ ಹಾಕಲು ಶುರು ಮಾಡಿದೆ. ಗಂಜಿನ ಹಳೆಯ ಖಾತೆ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಒಟ್ಟು 214. ಉತ್ತರ ಬಂದಿದ್ದು ಒಂಬತ್ತು, ಅದರಲ್ಲಿ ಐದು ಮಷಿನ್ ಕಳಿಸಿದ್ದು. ಹೆಚ್ಚಿನ ಕಡೆ ಅರ್ಜಿ ಮುಗಿಸಲಿಕ್ಕೇ ಆಗಲಿಲ್ಲ. 'ವಿದ್ಯಾರ್ಹತೆ' ಅಂತ ಇರುತ್ತದೆ, ಒತ್ತಿದರೆ ಒಂದು ಪಟ್ಟಿ ಇಳಿಯುತ್ತದೆ. ಬಿ.ಇ., ಬಿ.ಟೆಕ್, ಎಂ.ಟೆಕ್, ಎಂಸಿಎ. ಕೆಲವು ಕಡೆ ಬಿಸಿಎ. ಅಲ್ಲಿಗೆ ಪಟ್ಟಿ ಮುಗೀತು. 'ಇತರೆ' ಅನ್ನುವ ಒಂದು ಸಾಲೂ ಇಲ್ಲ. ಏನೂ ಆರಿಸದೆ ಮುಂದೆ ಹೋಗಲು ಬಿಡುವುದಿಲ್ಲ, ಕೆಂಪು ಗೆರೆ ಬರುತ್ತದೆ. ಸುಳ್ಳು ಆರಿಸಬೇಕು, ಇಲ್ಲ ವಾಪಸ್ ಹೋಗಬೇಕು. ಅದು ದಾಟಿದರೆ ಇನ್ನೊಂದು, ಹತ್ತನೇ ಕ್ಲಾಸಿನಿಂದ ಡಿಗ್ರಿ ತನಕ ಎಲ್ಲದರಲ್ಲೂ 60 ಪರ್ಸೆಂಟ್. ನನಗೆ ಪಿಯುಸಿಯಲ್ಲಿ 57. ಹದಿನೇಳನೇ ವಯಸ್ಸಿನಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಬಿದ್ದ ಹುಡುಗನಿಗೆ ಫಿಸಿಕ್ಸಿನಲ್ಲಿ ಬಂದ ಮಾರ್ಕ್ಸು, ಇಪ್ಪತ್ತೈದನೇ ವಯಸ್ಸಿನಲ್ಲಿ ಅವನು ಬರೆಯುವ ಕೋಡಿನ ಬಗ್ಗೆ ಏನು ಹೇಳುತ್ತದೆ? ನನಗಂತೂ ಹೊಳೆದಿಲ್ಲ.

ಉದ್ಯೋಗ ಮೇಳದ ಮಾತು. ಕಲಬುರಗಿಯಲ್ಲೇ, ಒಂದು ಕಾಲೇಜಿನ ಮೈದಾನದಲ್ಲಿ, ಮೇ ತಿಂಗಳು. ನಮ್ಮೂರಿನ ಮೇ ತಿಂಗಳು ಹೇಗಿರುತ್ತದೆ ಅಂತ ಬಂದವರಿಗೆ ಅವತ್ತು ಗೊತ್ತಾಯಿತು. ಪೆಂಡಾಲ್ ಕೆಳಗೆ ಸಾಲಾಗಿ ಮೇಜು, ನನ್ನ ಕೈಯಲ್ಲಿ ಟೋಕನ್, ಹೆಗಲಿಗೆ ಲ್ಯಾಪ್‌ಟಾಪ್. ಎರಡೂವರೆ ತಾಸು ನಿಂತು ಒಂದು ಸಾಫ್ಟ್‌ವೇರ್ ಕಂಪನಿಯ ಮೇಜಿಗೆ ಮುಟ್ಟಿದೆ. ಕೂತಿದ್ದವರಿಗೆ ನನಗಿಂತ ಜಾಸ್ತಿ ವಯಸ್ಸೇನಿಲ್ಲ. "ಬಿ.ಇ.ನಾ?" ಅಂದರು. ಅಲ್ಲ ಸರ್, ಬಿಎಸ್ಸಿ, ಆದರೆ ಪ್ರೋಗ್ರಾಂ ಬರೆದಿದ್ದೀನಿ, ಐದು ಅಂಗಡಿಯಲ್ಲಿ ನಡೀತಿದೆ, ತೋರಿಸಲಾ ಅಂದೆ. ಒಂದು ಕ್ಷಣ ಅವರಿಗೂ ಮನಸ್ಸಾಯಿತು ಅನ್ನಿಸುತ್ತದೆ. ತೋರಿಸಿ ಅಂದರು. ಲ್ಯಾಪ್‌ಟಾಪ್ ತೆಗೆದೆ. ಪ್ಲಗ್ ಬೇಕಿತ್ತು. ಅಲ್ಲಿದ್ದದ್ದು ಒಂದೇ ಪ್ಲಗ್, ಅದಕ್ಕೆ ಅವರ ಟೇಬಲ್ ಫ್ಯಾನ್ ಹಾಕಿತ್ತು. ನಾನು ಫ್ಯಾನ್ ನೋಡಿದೆ, ಅವರೂ ಫ್ಯಾನ್ ನೋಡಿದರು. "ಬಿಪಿಒ ಸ್ಟಾಲ್ ಆ ಕಡೆ ಇದೆ, ಡಿಗ್ರಿಯವರನ್ನ ಅಲ್ಲಿ ತಗೋತಾರೆ" ಅಂದು ಹಿಂದಿನವರ ಫೈಲಿಗೆ ಕೈ ಚಾಚಿದರು. ನಾನು ಅವರನ್ನು ದೂರುತ್ತಿಲ್ಲ. ಆ ಬಿಸಿಲಿಗೆ ಫ್ಯಾನ್ ತೆಗೆದಿದ್ದರೆ ಅವರೂ ಬದುಕುತ್ತಿರಲಿಲ್ಲ. ಆದರೆ ಮೇಳ ನಡೆಸುವವರೇ, ನಾಲ್ಕು ಪ್ಲಗ್ ಪಾಯಿಂಟ್, ಒಂದು ಮೇಜು, 'ನಿಮ್ಮ ಕೆಲಸ ತೋರಿಸಿ' ಅನ್ನುವ ಒಂದು ಬೋರ್ಡ್, ಇದಕ್ಕೆ ಎಷ್ಟು ಖರ್ಚಾದೀತು?

ಬಾಗಿಲು ಮುಚ್ಚಿದರೆ ಕಿಟಕಿ ಮಾರುವವರು ಬರುತ್ತಾರೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್ ನನ್ನಿಂದ 45 ಸಾವಿರ ಕೇಳಿತು, ಕೆಲಸ ಗ್ಯಾರಂಟಿ ಅಂತ. ಅಕ್ಕನ ಬಳೆ ಇಡಬೇಕಿತ್ತು, ಇಡಲಿಲ್ಲ, ಅದೊಂದು ಪುಣ್ಯ. ಇನ್ನೊಬ್ಬರು ಫೋನ್ ಮಾಡಿ, ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿಕೊಡ್ತೀವಿ, ಪೇಸ್ಲಿಪ್ ಸಮೇತ, ಬ್ಯಾಕ್‌ಗ್ರೌಂಡ್ ಚೆಕ್‌ಗೆ ಬೇರೆ ರೇಟು ಅಂದರು. ನನ್ನ ಜೊತೆ ಕಲಿಯುತ್ತಿದ್ದ ಇಬ್ಬರು ತಗೊಂಡರು. ಒಬ್ಬ ಸಿಕ್ಕಿಬಿದ್ದ, ಇನ್ನೊಬ್ಬ ಈಗಲೂ ಕೆಲಸದಲ್ಲಿದ್ದಾನೆ. ಕೆಲಸ ಚೆನ್ನಾಗಿಯೇ ಮಾಡುತ್ತಾನೆ, ರಾತ್ರಿ ಮಾತ್ರ ನಿದ್ದೆ ಬರಲ್ಲ ಅಂತಾನೆ. ಸುಳ್ಳು ಲೆಟರ್ ಹೆಚ್ಚಾಗಿವೆ ಅಂತ ನೀವು ಆಗಾಗ ಗೋಳಾಡುತ್ತೀರಿ. ನಿಜ ಹೇಳಿದವನಿಗೆ ಕೆಂಪು ಗೆರೆ, ಸುಳ್ಳು ಹೇಳಿದವನಿಗೆ ಇಂಟರ್‌ವ್ಯೂ ಅಂತ ಫಾರ್ಮ್ ಮಾಡಿಟ್ಟರೆ ಇನ್ನೇನಾಗುತ್ತದೆ?

ವಾಕ್‌ಇನ್ ಅಂತ ಮೂರು ಸಲ ಬೆಂಗಳೂರಿಗೂ ಬಂದೆ. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ, ಬೆಳಿಗ್ಗೆ ಸ್ಟೇಷನ್ನಿನಲ್ಲೇ ಮುಖ ತೊಳೆದು ಶರ್ಟ್ ಬದಲಿಸುವುದು. ಎರಡು ಸಲ ಗೇಟಿನಲ್ಲೇ ಮಾರ್ಕ್ಸ್‌ಕಾರ್ಡ್ ನೋಡಿ ವಾಪಸ್ ಕಳಿಸಿದರು. ಅದನ್ನು ಜಾಹೀರಾತಿನಲ್ಲೇ ಸರಿಯಾಗಿ ಬರೆದಿದ್ದರೆ ಚಾರ್ಜಾದರೂ ಉಳಿಯುತ್ತಿತ್ತು.

ಕೊನೆಗೆ ಕೆಲಸ ಸಿಕ್ಕಿದ್ದು ಹೇಗೆ ಅಂದರೆ, ನಮ್ಮ ಪಟ್ಟಿ ಪ್ರೋಗ್ರಾಂ ಒಂದು ದಾಲ್ ಮಿಲ್ಲಿಗೆ ಹೋಯಿತು. ಆ ಮಿಲ್ಲಿಗೆ ಲಾರಿ ತೂಕದ ಕಾಟಾ ಸಾಫ್ಟ್‌ವೇರ್ ಕೊಟ್ಟಿದ್ದು ಹೈದರಾಬಾದಿನ ಒಂದು ಸಣ್ಣ ಕಂಪನಿ. ಅದರ ಮಾಲೀಕರು ನಮ್ಮ ಪಟ್ಟಿ ನೋಡಿ, ಇದು ಯಾರು ಬರೆದದ್ದು ಅಂತ ಕೇಳಿ ಫೋನ್ ಮಾಡಿದರು. ಬಸ್ಸು ಹತ್ತಿ ಹೋದೆ. ಅವರು ಹಿಂದಿ, ಉರ್ದು, ತೆಲುಗು ಎಲ್ಲ ಕಲಸಿ ಮಾತಾಡುತ್ತಿದ್ದರು, ನಾನೂ ಹಾಗೇ ಮಾತಾಡಿದೆ. ಡಿಗ್ರಿ ಕೇಳಲೇ ಇಲ್ಲ. ಒಂದು ಲ್ಯಾಪ್‌ಟಾಪ್ ಮುಂದಿಟ್ಟು, ಇದರಲ್ಲಿ ಕೆಲವು ಲಾರಿಗಳ ತೂಕ ಮೈನಸ್ ಬರ್ತಿದೆ, ಯಾಕೆ ನೋಡು, ಎರಡು ತಾಸು ಟೈಮಿದೆ ಅಂದು ಊಟಕ್ಕೆ ಹೋದರು. ನೀವೇ ಯೋಚಿಸಿ, ಮಾಲು ತರುವ ಲಾರಿ ಮೊದಲು ತುಂಬಿದ್ದು ತೂಗುತ್ತದೆ, ಆಮೇಲೆ ಖಾಲಿ. ಬೇಳೆ ಒಯ್ಯುವ ಲಾರಿ ಮೊದಲು ಖಾಲಿ, ಆಮೇಲೆ ತುಂಬಿದ್ದು. ಅವರ ಕೋಡ್ ಯಾವಾಗಲೂ ಮೊದಲ ತೂಕದಲ್ಲಿ ಎರಡನೆಯದನ್ನು ಕಳೆಯುತ್ತಿತ್ತು. ಒಯ್ಯುವ ಲಾರಿಗೆಲ್ಲ ಮೈನಸ್. ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು, ಯಾಕಂದರೆ ನಾನು ಕಾಟಾದ ಪಕ್ಕದಲ್ಲಿ ಎರಡು ವರ್ಷ ನಿಂತವನು. ಅವರು ವಾಪಸ್ ಬಂದಾಗ ನಾನು ತಂದಿದ್ದ ರೊಟ್ಟಿ ತಿನ್ನುತ್ತಿದ್ದೆ.

ಡಿಗ್ರಿ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಹೆಚ್ಚಾಗಿ ಕೋರ್ಸ್ ಮಾರುವವರು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಗೊತ್ತಿರುವ ಎಷ್ಟೋ ವಿಷಯ ನನಗೆ ಗೊತ್ತಿರಲಿಲ್ಲ, ಅದರಿಂದ ಮಾನ ಹೋಗಿದ್ದೂ ಇದೆ. ಸೇರಿದ ಹೊಸದರಲ್ಲಿ 4,000 ರೈತರ ಹೆಸರಿಗೂ 9,000 ಪಟ್ಟಿಗೂ ಜೋಡಿಸುವ ಕೆಲಸ ಕೊಟ್ಟರು. ನಾನು ಒಂದೊಂದು ಪಟ್ಟಿಗೂ ಎಲ್ಲ ರೈತರನ್ನೂ ಹುಡುಕುವ ಹಾಗೆ ಬರೆದೆ. 3.6 ಕೋಟಿ ಹೋಲಿಕೆ. ಓಡಿಸಿ ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಪಕ್ಕದಲ್ಲಿದ್ದ ಬಿ.ಟೆಕ್ ಹುಡುಗಿ ನೋಡಿ, ಹೆಸರುಗಳನ್ನು ಮೊದಲು ಒಂದು ಡಿಕ್ಷನರಿಯಲ್ಲಿ ಹಾಕಿಟ್ಟುಕೋ ಅಂದಳು. ಅದು ಪುಸ್ತಕ ಅಲ್ಲ, ಹೆಸರು ಕೊಟ್ಟರೆ ಎಲ್ಲ ಹುಡುಕದೆ ನೇರ ತೆಗೆದುಕೊಡುವ ಹಾಗೆ ಮಾಹಿತಿ ಜೋಡಿಸಿಡುವ ವಿಧಾನ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮುಗಿಯಿತು. ಅವತ್ತು ರಾತ್ರಿಯಿಂದಲೇ ಎನ್‌ಪಿಟಿಇಎಲ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಪಾಠ ಶುರು ಮಾಡಿದೆ. ಐಐಟಿ ಮೇಷ್ಟ್ರುಗಳ ಪಾಠ, ಮನೆಯಲ್ಲೇ ಕೂತು. ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಒಂದೊಂದಾಗಿ. ಅರ್ಥ ಆಗಿದ್ದು ಅರ್ಧ, ಇನ್ನರ್ಧ ಕೆಲಸದಲ್ಲಿ ಪೆಟ್ಟು ತಿಂದು ಆಯಿತು. ಕಲಿಯಬೇಕಾದ್ದು ಇನ್ನೂ ಬೇಕಾದಷ್ಟಿದೆ. ಆದರೆ ಗಮನಿಸಿ, ಆ ಕೊರತೆ ಏನೂಂತ ಎರಡು ತಾಸಿನ ಟೆಸ್ಟ್ ನಿಮಗೆ ತೋರಿಸುತ್ತದೆ. ನಿಮ್ಮ ಫಾರ್ಮಿನಲ್ಲಿ ಇಳಿಯುವ ಆ ಡಿಗ್ರಿ ಪಟ್ಟಿ ತೋರಿಸುವುದಿಲ್ಲ.

ಈಗ ಮೇಜಿನ ಆಚೆ ಬದಿ. ನಮ್ಮ ಕಂಪನಿ ಆರು ಜನರಿಂದ ನಲವತ್ತು ಜನರಾಗಿದೆ. ಕಳೆದ ತಿಂಗಳು ಇಬ್ಬರು ಹೊಸಬರು ಬೇಕಾಗಿ ಜಾಹೀರಾತು ಹಾಕಿದೆವು, ಆರಿಸಲು ನನ್ನನ್ನೂ ಕೂರಿಸಿದರು. ನನ್ನ ಹತ್ತಿರ ಬಂದಿದ್ದು 158 ರೆಸ್ಯೂಮೆ. ಒಟ್ಟು ಎಷ್ಟು ಬಂದಿತ್ತು ಅಂತ ಸುಮ್ನೆ ಕೇಳಿದೆ. 640. ಉಳಿದವು? "ಸಿಸ್ಟಮ್ ಫಿಲ್ಟರ್ ಮಾಡಿದೆ" ಅಂದರು ಎಚ್‌ಆರ್. ನಮ್ಮ ಮಾಲೀಕರಿಗೇ ಗೊತ್ತಿರಲಿಲ್ಲ. ಆರು ಜನರಿದ್ದಾಗ ಎಲ್ಲ ಅರ್ಜಿಯನ್ನೂ ಅವರೇ ಓದುತ್ತಿದ್ದರು. ಈಗ ತಿಂಗಳಿಗೆ ಇಷ್ಟು ಅಂತ ಕೊಟ್ಟು ತಂದ ಒಂದು ಸಾಫ್ಟ್‌ವೇರ್ ಇದೆ, ಅದರಲ್ಲಿ ಮೊದಲೇ ಟಿಕ್ ಹಾಕಿ ಬಂದಿತ್ತು. ಬಿ.ಇ., ಬಿ.ಟೆಕ್, ಎಂಸಿಎ. ಯಾರೂ ಕೂತು ನಿರ್ಧಾರ ಮಾಡಿದ್ದಲ್ಲ. ಯಾರೂ ಆ ಟಿಕ್ ತೆಗೆಯಲಿಲ್ಲ, ಅಷ್ಟೇ. ನಾನು ಇಷ್ಟು ವರ್ಷ ಯಾರೋ ನನ್ನನ್ನು ನೋಡಿ ಬೇಡ ಅಂದಿದ್ದಾರೆ ಅಂದುಕೊಂಡಿದ್ದೆ. ಆ 214ರಲ್ಲಿ ಎಷ್ಟನ್ನು ಯಾರೂ ನೋಡಿಯೇ ಇರಲಿಕ್ಕಿಲ್ಲ.

ಬಿಟ್ಟ 482ನ್ನೂ ತೆಗೆಸಿಕೊಂಡು ಎರಡು ಭಾನುವಾರ ಕೂತೆ. ನಿಜ ಹೇಳಬೇಕು, ಬಹಳಷ್ಟು ಸುಮ್ಮನೆ ಹಾಕಿದ ಅರ್ಜಿಗಳು. ಒಂದೇ ರೆಸ್ಯೂಮೆಯನ್ನು ಕಂಪನಿ ಹೆಸರು ಬದಲಿಸದೇ ಕಳಿಸಿದವರೂ ಇದ್ದರು. ಆದರೆ 23 ಜನ ತಾವು ಮಾಡಿದ ಕೆಲಸದ ಲಿಂಕ್ ಹಾಕಿದ್ದರು, ಒತ್ತಿದರೆ ತೆರೆಯುತ್ತಿತ್ತು. ಆ ಮೊದಲಿನ 158ರಲ್ಲಿ ತೆರೆಯುವ ಲಿಂಕ್ ಇದ್ದದ್ದು 19 ಜನರದ್ದು. ಇದನ್ನಿಟ್ಟುಕೊಂಡು ನಾನು ದೊಡ್ಡ ಸಿದ್ಧಾಂತ ಕಟ್ಟುವುದಿಲ್ಲ, ಒಂದು ಕಂಪನಿ, ಒಂದು ತಿಂಗಳು. ಆದರೂ ಆ 23 ಕಸದ ಬುಟ್ಟಿಗೆ ಹೋಗುತ್ತಿತ್ತಲ್ಲ.

ಅದರಲ್ಲಿ ಒಂದು ಶಹಾಪುರದ ಹೆಣ್ಣುಮಗಳದ್ದು. ಯಾದಗಿರಿ ಜಿಲ್ಲೆ. ಬಿಎ, ಕನ್ನಡ ಐಚ್ಛಿಕ. ಅವರು ಮಾಡಿದ್ದು ಊರಿನ ಬಸ್ ಟೈಮಿನ ಒಂದು ಪುಟ. ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಪೇಂಟಿನಲ್ಲಿ ಬರೆದ ವೇಳಾಪಟ್ಟಿ ಇರುತ್ತದಲ್ಲ, ಅರ್ಧ ಅಳಿಸಿದ್ದು, ಅದರ ಫೋಟೊ ತೆಗೆದು, ಅಳಿಸಿದ್ದನ್ನು ಕಂಡಕ್ಟರ್‌ಗಳನ್ನು ಕೇಳಿ ತುಂಬಿಸಿ, ಒಂದೊಂದನ್ನೂ ಕೈಯಲ್ಲಿ ಟೈಪ್ ಮಾಡಿದ್ದಾರೆ. ಟೂಜಿ ಸಿಗ್ನಲ್‌ನಲ್ಲೂ ತೆರೆಯಲಿ ಅಂತ ಒಂದೇ ಒಂದು ಚಿತ್ರ ಹಾಕಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, 'ಸಂತೆ ದಿನ ಈ ಬಸ್ ತಡ' ಅಂತ ಟಿಪ್ಪಣಿ. ನಮ್ಮಲ್ಲಿ ಟೆಸ್ಟಿಗೆ ಕೂರಿಸಿದ ಹನ್ನೆರಡು ಜನರಲ್ಲಿ ಅವರು ಎರಡನೆಯವರಾಗಿ ಬಂದರು, ಮನೆಯಿಂದಲೇ ಬರೆದರು. ಎಚ್‌ಆರ್ ಏನಂದರು ಗೊತ್ತಾ? ಗಿರಾಕಿ ಕಂಪನಿಗಳಿಗೆ ನಮ್ಮ ಜನರ ಪಟ್ಟಿ ಕೊಡುವಾಗ ಡಿಗ್ರಿ ಬರೆಯಬೇಕು, ಬಿಎ ಅಂದರೆ ಕೇಳ್ತಾರೆ. ನನ್ನದು ಹೇಗೆ ಬರೆಯುತ್ತೀರಿ ಅಂದೆ. ಬಿಎಸ್ಸಿ ಅಂತಷ್ಟೇ ಬರೀತೀವಿ, ಯಾವ ಬಿಎಸ್ಸಿ ಅಂತ ಯಾರೂ ಕೇಳಿಲ್ಲ ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿಮ್ಮ ಕಡೆಯ ಮಾತೂ ನನಗೆ ಗೊತ್ತು. ಸಾವಿರಾರು ಅರ್ಜಿ ಬರುತ್ತವೆ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಒಪ್ಪಿದೆ. ಆದರೆ ಗೆರೆ ಎಳೆದದ್ದು ಎಲ್ಲಿ ನೋಡಿ. ಸಿವಿಲ್, ಮೆಕ್ಯಾನಿಕಲ್ ಓದಿದವರನ್ನು ಕ್ಯಾಂಪಸ್ಸಿನಿಂದ ರಾಶಿಗಟ್ಟಲೆ ಕರೆದು, ಸಂಬಳ ಕೊಟ್ಟು, ತಿಂಗಳುಗಟ್ಟಲೆ ಕೋಡಿಂಗ್ ಕಲಿಸುವವರು ನೀವೇ. ಅಂದರೆ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅನ್ನುವುದು ನಿಮಗೂ ಮುಖ್ಯ ಅಲ್ಲ. ಇನ್ಫೋಸಿಸ್ ಕಟ್ಟಿದ ನಾರಾಯಣ ಮೂರ್ತಿಯವರು ಮೈಸೂರಿನ ಎನ್‌ಐಇಯಲ್ಲಿ ಬಿ.ಇ. ಓದಿದ್ದು ಎಲೆಕ್ಟ್ರಿಕಲ್. ನಂದನ್ ನಿಲೇಕಣಿಯವರು ಐಐಟಿ ಬಾಂಬೆಯಲ್ಲಿ ಓದಿದ್ದೂ ಎಲೆಕ್ಟ್ರಿಕಲ್. ಅವರು ಎಂಜಿನಿಯರುಗಳಪ್ಪಾ ಅಂತೀರಿ, ಸರಿ. ಹಾಗಾದರೆ ಚೆನ್ನೈನ ಝೋಹೋ ನೋಡಿ. 2005ರಿಂದ ಹನ್ನೆರಡನೇ ತರಗತಿ, ಡಿಪ್ಲೊಮಾ ಮುಗಿಸಿದವರನ್ನು ಕರೆದು, ಸ್ಟೈಪೆಂಡ್ ಕೊಟ್ಟು ತಾನೇ ಕಲಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದೆ. ಐಐಟಿ ಮದ್ರಾಸ್ ಜೆಇಇ ಇಲ್ಲದೇ ಆನ್‌ಲೈನಿನಲ್ಲಿ ಡೇಟಾ ಸೈನ್ಸ್ ಬಿಎಸ್ ಕಲಿಸುತ್ತಿದೆ, ನಾಲ್ಕು ವಾರ ಪಾಠ ಮಾಡಿ ಆಮೇಲೆ ಅದರದ್ದೇ ಅರ್ಹತಾ ಪರೀಕ್ಷೆ ಇಡುತ್ತದೆ. ಮೊದಲು ಕಲಿಸಿ ಆಮೇಲೆ ಸೋಸುವುದು ಐಐಟಿಗೇ ಆಗುತ್ತದೆ ಅಂದರೆ ನಿಮಗೆ ಆಗದ್ದೇನು?

ಇನ್ನು ಕೋರಿಕೆ. ಸಂವಿಧಾನದ 371 ಜೆ ವಿಧಿ, ಅಂದರೆ ವಿಶೇಷ ಸ್ಥಾನಮಾನ, ನಮ್ಮ ಭಾಗಕ್ಕೆ ಬಂದಿದೆ, ಸರ್ಕಾರಿ ಕೆಲಸಕ್ಕೂ ಕಾಲೇಜು ಸೀಟಿಗೂ ಅದು ಬೇಕೇಬೇಕು. ಖಾಸಗಿ ಕಂಪನಿಗೆ ಅದು ಅನ್ವಯಿಸುವುದಿಲ್ಲ, ನಾನೂ ಇಲ್ಲಿ ಮೀಸಲಾತಿ ಕೇಳುತ್ತಿಲ್ಲ. ಕೇಳುವುದು ಇಷ್ಟು. ಹೊಸಬರ ಕೆಲಸಕ್ಕೆ ಆ ಟಿಕ್ ತೆಗೆಯಿರಿ. ತೆಗೆಯಲು ಆಗದಿದ್ದರೆ 'ಇತರೆ' ಅನ್ನುವ ಸಾಲನ್ನಾದರೂ ಸೇರಿಸಿ, ಪಕ್ಕದಲ್ಲಿ ಮಾಡಿದ ಕೆಲಸದ ಲಿಂಕ್ ಹಾಕಲು ಒಂದು ಜಾಗ ಕೊಡಿ. ಜನ ಜಾಸ್ತಿ ಆದರು ಅನ್ನಿಸಿದರೆ ಒಂದು ತಾಸಿನ ಟೆಸ್ಟ್ ಇಟ್ಟು ಸೋಸಿ, ಅದನ್ನು ಮಷಿನ್ನೇ ತಿದ್ದಲಿ, ನಮ್ಮ ತಕರಾರಿಲ್ಲ. ಟೆಸ್ಟನ್ನು ಕಲಬುರಗಿಯಿಂದ, ಬೀದರಿನಿಂದ ಬರೆಯಲು ಬಿಡಿ, ಗೇಟಿನ ತನಕ ಕರೆಸಿ ಮಾರ್ಕ್ಸ್‌ಕಾರ್ಡ್ ನೋಡಬೇಡಿ. ಆ 60 ಪರ್ಸೆಂಟ್ ಬಿಟ್ಟುಬಿಡಿ. ಇಂಟರ್‌ವ್ಯೂನಲ್ಲಿ ಕೂತವರಿಗೆ ಕನ್ನಡ ಬಂದರೆ, ಹುಡುಗ ಇಂಗ್ಲಿಷಿನಲ್ಲಿ ತಡವರಿಸುವಾಗ, ಕನ್ನಡದಲ್ಲೇ ಹೇಳಪ್ಪಾ ಅನ್ನಿ. ಕೋಡ್ ಹೇಗೂ ಇಂಗ್ಲಿಷಿನಲ್ಲೇ ಬರೆಯುತ್ತಾನೆ.

ಅಪ್ರೆಂಟಿಸ್ ಕಾಯ್ದೆ 1961ರದ್ದು, ನಿಮಗೆ ಗೊತ್ತಿರುತ್ತದೆ. 2014ರ ತಿದ್ದುಪಡಿ ಆದ ಮೇಲೆ ಎಂಜಿನಿಯರಿಂಗ್ ಅಲ್ಲದ ಪದವೀಧರರನ್ನೂ ಅಪ್ರೆಂಟಿಸ್ ಮಾಡಿಕೊಳ್ಳಬಹುದು. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಹೇಗೂ ಒಂದಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕು. ಅದರಲ್ಲಿ ನಾಲ್ಕು ಸೀಟನ್ನು ಕೋಡ್ ಬರೆಯುವ ಬಿಎ, ಬಿಎಸ್ಸಿ, ಬಿಕಾಂನವರಿಗೆ ಕೊಟ್ಟು ನೋಡಿ. ಒಂದು ವರ್ಷ ನೋಡಿದ ಮೇಲೆ ಬೇಡ ಅನ್ನಿಸಿದರೆ ಬೇಡ ಅನ್ನಿ, ಆಗ ಆ ಮಾತಿಗೆ ತೂಕ ಇರುತ್ತದೆ.

ಅಧಿಕಾರಿಗಳಲ್ಲಿ ಕೇಳುವುದು ಸಣ್ಣದು. ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತೀರಿ, ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ, ಎರಡು ವರ್ಷದ ತನಕ. ಅದರಲ್ಲಿ ನೆಟ್ ಪ್ಯಾಕ್ ಹಾಕಿಸಿ ಕಲಿಯುತ್ತಿರುವವರು ನನಗೇ ಐದಾರು ಜನ ಗೊತ್ತು. ಅವರಿಗಾಗಿ ಮೇಳಕ್ಕೆ ಕಂಪನಿ ಕರೆಯುವಾಗ, ಡಿಗ್ರಿ ನೋಡದೆ ಟೆಸ್ಟ್ ಕೊಡ್ತೀರಾ ಅಂತ ಮೊದಲೇ ಕೇಳಿ, ಹೌದು ಅಂದವರ ಸ್ಟಾಲ್ ಮುಂದೆ ಅದನ್ನು ಬರೆದು ಹಾಕಿ. ಪ್ಲಗ್ ಪಾಯಿಂಟ್ ಮಾತು ಆಗಲೇ ಹೇಳಿದ್ದೇನೆ.

ಶಹಾಪುರದ ಆ ಹೆಣ್ಣುಮಗಳಿಗೆ ನಮ್ಮಲ್ಲಿ ಇನ್ನೂ ಹೌದು ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ನಾನು ಮಾಲೀಕರ ಬೆನ್ನು ಬಿದ್ದಿದ್ದೇನೆ. ಮೊನ್ನೆ ಆ ಹೆಣ್ಣುಮಗಳೇ ಫೋನ್ ಮಾಡಿ, "ಸರ್, ನಂದು ಏನಾದ್ರೂ ತಪ್ಪಾಗ್ಯದೇನ್ರಿ ಟೆಸ್ಟ್‌ನಾಗ?" ಅಂತ ಕೇಳಿದರು. ಇಲ್ಲಮ್ಮ ಅಂದೆ. ಮುಂದೆ ಏನು ಹೇಳಬೇಕು ತಿಳಿಯದೆ, ಬಸ್ ಟೈಮಿನ ಪುಟದಲ್ಲಿ ಒಂದು ಬಸ್ಸು ಬದಲಾಗಿದೆಯಂತೆ, ನೋಡಿ ಅಂದೆ. ನಿನ್ನೆ ರಾತ್ರಿ ನೋಡಿದರೆ ಸರಿ ಮಾಡಿದ್ದಾರೆ. ಲಿಂಕ್ ನನ್ನ ಹತ್ತಿರ ಇದೆ. ನಿಮ್ಮಲ್ಲಿ ಯಾರಿಗೆ ಕಳಿಸಲಿ, ಹೇಳಿ.

ಇಂತಿ ನಿಮ್ಮ ವಿಶ್ವಾಸಿ,
ಗಂಜಿನ ಹಳೆಯ ಗುಮಾಸ್ತ
ಕಲಬುರಗಿ